ರೋಟೇಟರಿನ ಗೊರಗೊರ ಮತ್ತು ನಾನು ಸುಮ್ಮನೆ ಬಿಚ್ಚಿದ ಗೇರುಪೆಟ್ಟಿಗೆ

ಟವರ್ ಮತ್ತು ಆಂಟೆನಾಗಳ ದುರಸ್ತಿ ನನ್ನ ವೃತ್ತಿ. ಟವರಿನ ಮೇಲಿನ ಆಂಟೆನಾವನ್ನು ಬೇಕಾದ ದಿಕ್ಕಿಗೆ ತಿರುಗಿಸುವ, ಮೋಟಾರು ಮತ್ತು ಗೇರುಗಳಿರುವ ಯಂತ್ರವೇ ರೋಟೇಟರ್. "ರೋಟೇಟರ್ ಸದ್ದು ಮಾಡುತ್ತಿದೆ" ಎಂದು ಯಾರಾದರೂ ಕರೆದರೆ, ಆ ಸದ್ದು ಕಿವಿಗೆ ಕೇಳುತ್ತಿದೆಯೋ ರಿಸೀವರಿನಲ್ಲಿ ಕೇಳುತ್ತಿದೆಯೋ ಎಂದು ಮೊದಲು ವಿಚಾರಿಸುತ್ತೇನೆ. ಬ್ರಷ್ ಇರುವ ಡಿ.ಸಿ. ಮೋಟಾರಿನ ಕಿಡಿಯೂ ರಿಸೀವರಿನಲ್ಲಿ ಗರಗರ ಎನ್ನಿಸಬಲ್ಲದು. ಅದರ ಚಿಕಿತ್ಸೆಯೇ ಬೇರೆ. ಈಗ ಹೇಳಹೊರಟಿರುವುದು ಕಿವಿಗೆ ಕೇಳುವ ಸದ್ದಿನ ಸಂಗತಿ, ಮತ್ತು ಅದರಲ್ಲಿ ನಾನು ಮಾಡಿದ ತಪ್ಪು.

ಒಬ್ಬ ಹಿರಿಯ ರೇಡಿಯೋ ಹವ್ಯಾಸಿಯ ಟವರಿನ ಮೇಲೆ, ಒಂದು ದಿಕ್ಕಿಗೆ ಗುರಿಯಿಟ್ಟು ಬಳಸುವ ಯಾಗಿ ಆಂಟೆನಾ ಇತ್ತು. ತಿರುಗಿಸಿದಾಗ ಕೆಳಗಿನ ಕೋಣೆಯವರೆಗೂ ಗೊರಗೊರ ಸದ್ದು ಕೇಳುತ್ತಿತ್ತು. ಉಕ್ಕಿನ ಟವರು ಮತ್ತು ಆಂಟೆನಾವನ್ನು ಹೊತ್ತು ತಿರುಗುವ ಟೊಳ್ಳು ಕೊಳವೆಯಾದ ಮಾಸ್ಟು ಸೇರಿ ತಂಬೂರಿಯ ಬುರುಡೆಯಂತೆ ಸಣ್ಣ ಸದ್ದನ್ನೂ ದೊಡ್ಡದು ಮಾಡುತ್ತವೆಂಬುದು ಗೊತ್ತಿದ್ದರೂ, ರೋಟೇಟರಿನ ಗೇರಿನ ಹಲ್ಲು ಸವೆದಿದೆ ಎಂದು ಅಂದೇ ತೀರ್ಮಾನಿಸಿಬಿಟ್ಟೆ. ಕೋಣೆಯಲ್ಲಿ ಕುಳಿತು ರೋಟೇಟರನ್ನು ತಿರುಗಿಸುವ ಕಂಟ್ರೋಲ್ ಬಾಕ್ಸಿನ ಪ್ಲಗ್ ಕಿತ್ತು ಜೊತೆಗಾರನ ಕೈಗೆ ಕೊಟ್ಟು, ಗಾಳಿಗೆ ಆಂಟೆನಾ ತಾನಾಗಿ ತಿರುಗದಂತೆ ಮಾಸ್ಟನ್ನು ಟವರಿಗೆ ಬಿಗಿದು, ರೋಟೇಟರನ್ನು ಹಗ್ಗದಲ್ಲಿ ಇಳಿಸಿ ಮೇಜಿನ ಮೇಲೆ ಬಿಚ್ಚಿದೆ. ಗ್ರೀಸು ಹಳೆಯದಾಗಿ ಮೇಣದಂತೆ ಗಟ್ಟಿಯಾಗಿತ್ತು. ಆದರೆ ಹಲ್ಲುಗಳು ಸರಿಯಾಗಿದ್ದವು, ಬೇರಿಂಗಿನ ಗುಂಡುಗಳು ಹೊಳೆಯುತ್ತಿದ್ದವು. ಹೊಸ ಗ್ರೀಸು ಹಾಕಿ ಮೇಜಿನ ಮೇಲೆಯೇ ತಿರುಗಿಸಿ ನೋಡಿದಾಗ ಮೋಟಾರಿನ ಗುಂಯ್‌ಗುಟ್ಟುವಿಕೆ ಬಿಟ್ಟರೆ ಬೇರೇನೂ ಕೇಳಲಿಲ್ಲ. ಮತ್ತೆ ಏರಿಸಿ ಕೂರಿಸಿದೆ; ಮೊದಲ ಸುತ್ತಿನಲ್ಲಿಯೇ ಅದೇ ಗೊರಗೊರ. "ಕೆಟ್ಟಿದ್ದು ರೋಟೇಟರೇ ಅಂದಿದ್ದಿರಲ್ಲ?" ಎಂದು ಹಿರಿಯರು ಮೆಲ್ಲಗೆ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಆಮೇಲೆ ಮಾಡಿದೆ: ಕಂಟ್ರೋಲ್ ಬಾಕ್ಸಿನ ಮುಂದೆ ಗಡಿಯಾರ ಮತ್ತು ಕಾಗದ ಇಟ್ಟುಕೊಂಡು ಕುಳಿತೆ. ಆ ರೋಟೇಟರ್ ಸುಸ್ಥಿತಿಯಲ್ಲಿದ್ದರೆ 360 ಡಿಗ್ರಿಯ ಒಂದು ಸುತ್ತನ್ನು ಸುಮಾರು 60 ಸೆಕೆಂಡಿನಲ್ಲಿ, ಅಂದರೆ ಸೆಕೆಂಡಿಗೆ 6 ಡಿಗ್ರಿಯಂತೆ ಮುಗಿಸಬೇಕು. ನಾನು ಎಣಿಸಿದ್ದು: ಉತ್ತರದಿಂದ ಪೂರ್ವಕ್ಕೆ 15 ಸೆಕೆಂಡು, ಪೂರ್ವದಿಂದ ದಕ್ಷಿಣಕ್ಕೆ 16, ದಕ್ಷಿಣದಿಂದ ಪಶ್ಚಿಮಕ್ಕೆ 24, ಪಶ್ಚಿಮದಿಂದ ಉತ್ತರಕ್ಕೆ 15. ಹಿಮ್ಮುಖವಾಗಿ ತಿರುಗಿಸಿದಾಗಲೂ ಅದೇ ಕಾಲುಭಾಗದಲ್ಲಿ ಬಾಕ್ಸಿನ ದಿಕ್ಕು ತೋರುವ ಮುಳ್ಳು ಏದುಸಿರು ಬಿಡುವಂತೆ ನಿಧಾನವಾಗುತ್ತಿತ್ತು. ಮೋಟಾರಿನ ಕೆಪಾಸಿಟರು ಬಲಗುಂದಿದ್ದರೂ, ಉದ್ದ ಕೇಬಲಿನಲ್ಲಿ ವೋಲ್ಟೇಜು ಕುಸಿಯುತ್ತಿದ್ದರೂ ಎಲ್ಲ ದಿಕ್ಕಿನಲ್ಲೂ ಒಂದೇ ತೆರನಾಗಿ ಎಳೆದಾಡಬೇಕಿತ್ತು. ಒಂದೇ ದಿಕ್ಕಿನಲ್ಲಿ ಎಳೆದಾಡುತ್ತಿದ್ದುದರಿಂದ ಅವೆರಡನ್ನೂ ಪಟ್ಟಿಯಿಂದ ಹೊಡೆದುಹಾಕಿದೆ.

ಆದರೆ ಮುಖ್ಯ ಗೇರಿನ ಒಂದು ಹಲ್ಲು ಮುರಿದಿದ್ದರೂ ದೋಷ ಒಂದೇ ದಿಕ್ಕಿನಲ್ಲಿ ತೋರುತ್ತದೆ. ಅದನ್ನು ಬೇರೆ ದೋಷಗಳಿಂದ ಬೇರ್ಪಡಿಸುವುದು ಸದ್ದಿನ ಆಕಾರ. ಮುರಿದ ಹಲ್ಲು ಕಟಕ್ ಎಂದು ಕೆಲವೇ ಡಿಗ್ರಿಯೊಳಗೆ ಹೊಡೆದು ಮುಗಿಯುತ್ತದೆ. ಮಧ್ಯದ ಸಣ್ಣ ಗೇರು ಕೆಟ್ಟಿದ್ದರೆ ಆ ಕಟಕಟ ಸುತ್ತಿನುದ್ದಕ್ಕೂ ಸಮ ಅಂತರದಲ್ಲಿ ಮರುಕಳಿಸುತ್ತದೆ. ಎರಡು ಸೆಕೆಂಡಿಗೊಮ್ಮೆ ಕೇಳಿಸಿದರೆ, ಮಾಸ್ಟು ಒಂದು ಸಲ ಸುತ್ತುವಷ್ಟರಲ್ಲಿ 30 ಸಲ ಸುತ್ತುವ ಯಾವುದೋ ಅಚ್ಚಿನ ಮೇಲೆ ಅನುಮಾನ ಪಡಬೇಕು. ಇಲ್ಲಿ ಕೇಳುತ್ತಿದ್ದುದು ಎರಡೂ ಅಲ್ಲ. ಸುಮಾರು 190 ಡಿಗ್ರಿಯಲ್ಲಿ ಸಣ್ಣಗೆ ಹುಟ್ಟಿ, 230ರ ಹೊತ್ತಿಗೆ ಏರಿ, 260 ದಾಟಿದ ಮೇಲೆ ತಾನಾಗಿ ಅಡಗುವ ನರಳಾಟ ಅದು. ಏನೋ ಒಂದು ನಿಧಾನವಾಗಿ ಬಿಗಿಯಾಗಿ ನಿಧಾನವಾಗಿ ಸಡಿಲಗೊಳ್ಳುತ್ತಿತ್ತು.

ಮತ್ತೆ ಹತ್ತಿ, ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೂ ತುದಿಯನ್ನು ರೋಟೇಟರಿನ ಕವಚಕ್ಕೂ ಒತ್ತಿ ಹಿಡಿದು, ಆಂಟೆನಾ ಸುತ್ತುವ ಜಾಗದಿಂದ ದೂರ ನಿಂತು, ಕೆಳಗಿದ್ದ ಜೊತೆಗಾರನಿಗೆ ಸ್ವಲ್ಪ ಸ್ವಲ್ಪವೇ ತಿರುಗಿಸಲು ಹೇಳಿದೆ. ಗೊರಗೊರ ಹುಟ್ಟುತ್ತಿದ್ದುದು ರೋಟೇಟರಿನ ಗುಂಡುಗಳ ಓಟದಲ್ಲಿಯೇ, ಆದರೆ ಅಡ್ಡ ಒತ್ತಡ ಬಿದ್ದಾಗ ಮಾತ್ರ. ಪ್ಲಗ್ ಕೀಳಿಸಿ, ರೋಟೇಟರಿಗಿಂತ ಮೇಲೆ ಮಾಸ್ಟಿಗೆ ಆಧಾರವಾಗಿರುವ ಥ್ರಸ್ಟ್ ಬೇರಿಂಗಿನ ಬೋಲ್ಟುಗಳನ್ನು ಸಡಿಲಿಸಿ ಇನ್ನೊಮ್ಮೆ ತಿರುಗಿಸಿದಾಗ ಸದ್ದು ನಿಂತುಹೋಯಿತು.

ಕಾರಣ ಸ್ಪಷ್ಟವಾಯಿತು. ಮಾಸ್ಟನ್ನು ಬಿಗಿದು ಹಿಡಿಯುವ ರೋಟೇಟರಿನ ಹಿಡಿಕೆಗೆ ಹೋಲಿಸಿದರೆ ಮಾಸ್ಟು ಸಪೂರವಾಗಿತ್ತು. ತೆಳು ತಗಡಿನ ತುಂಡುಗಳನ್ನಿಟ್ಟು ನಡುವಿಗೆ ತರದೆ ಬಿಗಿದಿದ್ದುದರಿಂದ ಅದು ಒಂದು ಪಕ್ಕಕ್ಕೆ ಸರಿದು ಕುಳಿತಿತ್ತು. ರೋಟೇಟರೂ ಮೇಲಿನ ಬೇರಿಂಗಿನ ನೇರ ಕೆಳಗಿರಲಿಲ್ಲ. ಒಂದು ದಿಕ್ಕಿಗೆ ತಿರುಗಿದಾಗ ಈ ಎರಡು ಓರೆಗಳು ಒಂದಕ್ಕೊಂದು ಕೂಡಿ ಮಾಸ್ಟನ್ನು ಬಗ್ಗಿಸುತ್ತಿದ್ದವು. ಎದುರು ದಿಕ್ಕಿನಲ್ಲಿ ಒಂದನ್ನೊಂದು ಕಳೆದುಕೊಳ್ಳುತ್ತಿದ್ದವು. ಮೇಜಿನ ಮೇಲೆ ಮಾಸ್ಟೂ ಇಲ್ಲ, ಮೇಲಿನ ಬೇರಿಂಗೂ ಇಲ್ಲ. ಅಲ್ಲಿ ರೋಟೇಟರ್ ಮೌನವಾಗಿದ್ದುದರಲ್ಲಿ ಆಶ್ಚರ್ಯವಿರಲಿಲ್ಲ.

ಹಿಡಿಕೆಯಲ್ಲಿ ತಗಡಿಟ್ಟು ಮಾಸ್ಟನ್ನು ನಡುವಿಗೆ ತಂದೆ. ರೋಟೇಟರಿನ ತಳದ ಬೋಲ್ಟುಗಳನ್ನು ಅರ್ಧ ಬಿಗಿದು ಎರಡು ಪೂರ್ತಿ ಸುತ್ತು ಹಾಕಿಸಿ, ಅದು ತನ್ನ ಜಾಗವನ್ನು ತಾನೇ ಹಿಡಿಯಲು ಬಿಟ್ಟು, ಬಳಿಕ ಪೂರ್ತಿ ಬಿಗಿದೆ. ಮೇಲಿನ ಬೇರಿಂಗಿನ ಬೋಲ್ಟುಗಳನ್ನು ಒಂದೇ ಪಕ್ಕದಿಂದ ಒತ್ತದೆ ಸರದಿಯಂತೆ ಕಾಲು ಕಾಲು ಸುತ್ತು ತಿರುಗಿಸಿದೆ. ಕೆಳಗಿಳಿದು ಎಣಿಸಿದಾಗ ನಾಲ್ಕೂ ಕಾಲುಭಾಗಗಳಿಗೆ 15 ಸೆಕೆಂಡು. ಹಿರಿಯರು ಆ ಕಾಗದವನ್ನು ಇಸಿದುಕೊಂಡು ಕಂಟ್ರೋಲ್ ಬಾಕ್ಸಿನ ಪಕ್ಕದ ಗೋಡೆಗೆ ಅಂಟಿಸಿದರು. ಗೇರುಪೆಟ್ಟಿಗೆ ಬಿಚ್ಚಿದ ದಿನದ ಕೂಲಿಯನ್ನು ನಾನು ಬಿಲ್ಲಿಗೆ ಸೇರಿಸಲಿಲ್ಲ.