ನಕ್ಷೆಯಲ್ಲಿ ಬೆರಳಗಲದ ದಾರಿ

ಪೋರ್ಚುಗಲ್ಲಿನ ಪೋರ್ಟೊ ನಗರದ ನಕ್ಷೆಯನ್ನು ಹಾಸಿಗೆಯ ಮೇಲೆ ಹರಡಿಕೊಂಡು ಅಕ್ಕ ಬೆರಳಿಟ್ಟು ಅಳೆದಳು. ಸಾಂವ್ ಬೆಂತು ರೈಲು ನಿಲ್ದಾಣದಿಂದ ಕ್ಯಾಥೆಡ್ರಲ್‌ಗೆ ಒಂದು ಬೆರಳು, ಅಲ್ಲಿಂದ ದೋರು ನದಿಗೆ ಇನ್ನೊಂದು ಬೆರಳು. "ಇಷ್ಟಕ್ಕೆ ಬಸ್ಸು ಯಾಕೆ? ನಡೆದೇ ಹೋಗೋಣ" ಎಂದಳು. ನಾವು ಉಳಿದುಕೊಂಡಿದ್ದ ವಸತಿಗೃಹದ ಹುಡುಗನೂ ಹತ್ತೇ ನಿಮಿಷ ಎಂದು ಹುರಿದುಂಬಿಸಿದ. ಅವನ ವಯಸ್ಸಿಗೆ, ಅವನ ಮಂಡಿಗೆ ಅದು ಹತ್ತೇ ನಿಮಿಷ ಇದ್ದೀತು. ಈ ಊರು ಗುಡ್ಡದ ಮೈಗೆ ಅಂಟಿಕೊಂಡಿದೆ ಎಂಬುದು ನಕ್ಷೆಯಲ್ಲೂ ಇರಲಿಲ್ಲ, ಅವನ ಬಾಯಲ್ಲೂ ಬರಲಿಲ್ಲ.

ಹೊರಟಿದ್ದು ನಿಲ್ದಾಣದಿಂದಲೇ. ರೈಲು ಹತ್ತುವ ಉದ್ದೇಶವಿಲ್ಲದವರೂ ಒಳಗೆ ಹೊಕ್ಕು ಕತ್ತೆತ್ತಿ ನಿಲ್ಲುವ ಜಾಗ ಅದು. ಬೆನೆಡಿಕ್ಟೀನ್ ಸನ್ಯಾಸಿನಿಯರ ಮಠವಿದ್ದ ನೆಲದಲ್ಲಿ ಕಟ್ಟಿದ ಈ ನಿಲ್ದಾಣ 1916ರಲ್ಲಿ ಉದ್ಘಾಟನೆಯಾಯಿತು. ಗೋಡೆಗಳ ತುಂಬ ಸುಮಾರು 20,000 ಅಜುಲೇಜುಗಳು, ಅಂದರೆ ಮೆರುಗಿನ ಟೈಲ್‌ಗಳು. ಚಿತ್ರ ಬರೆದವನು ಜೊರ್ಜ್ ಕೊಲಾಸು. ಬಿಳಿಯ ಮೇಲೆ ನೀಲಿಯಲ್ಲಿ ರಾಜರು, ಕುದುರೆಗಳು, ಉತ್ತರ ಆಫ್ರಿಕಾದ ಸಿಯೂಟಾ ಊರಿನ ಮೇಲಿನ 1415ರ ದಂಡಯಾತ್ರೆ. ಎಲ್ಲರ ಕ್ಯಾಮೆರಾಗಳೂ ಆ ಯುದ್ಧದತ್ತ ತಿರುಗಿದ್ದವು. ಅಕ್ಕ ಮಾತ್ರ ಅದಕ್ಕೂ ಮೇಲೆ, ಸೂರಿನಡಿ ಸಾಗುವ ಬಣ್ಣದ ಪಟ್ಟಿಯನ್ನು ನೋಡುತ್ತಿದ್ದಳು. ಅಲ್ಲಿರುವುದು ಬಂಡಿಯ ಕಾಲದಿಂದ ರೈಲಿನ ಕಾಲದವರೆಗಿನ ಪ್ರಯಾಣದ ಕಥೆ. "ಯುದ್ಧ ಎಲ್ಲ ಕಡೆ ಇರುತ್ತದೆ, ರೈಲು ನಿಲ್ದಾಣಕ್ಕೆ ಬೇಕಾದದ್ದು ಇದು" ಎಂದಳು. ಅಷ್ಟರಲ್ಲಿ ಕೈಚೀಲ ಬಗಲಿಗೇರಿಸಿದ ಒಬ್ಬ ಹೆಂಗಸು ಸಿಯೂಟಾವನ್ನೂ ನೋಡದೆ ಬಂಡಿಯನ್ನೂ ನೋಡದೆ, ನಮ್ಮಿಬ್ಬರ ನಡುವೆ ನುಸುಳಿ ಪ್ಲಾಟ್‌ಫಾರ್ಮಿನತ್ತ ಓಡಿದಳು. ಅವಳಿಗೆ ಅದು ದಿನದ ಗೋಡೆ.

ಕ್ಯಾಥೆಡ್ರಲ್‌ನ ಏರು ನಮ್ಮನ್ನು ಮೊದಲ ಬಾರಿಗೆ ಕೂರಿಸಿತು. ಕೋಟೆಯಂತೆ ಗಟ್ಟಿಮುಟ್ಟಾದ ಆ ಕಟ್ಟಡದ ಮುಂದಿನ ಅಂಗಳದಿಂದ ಕೆಂಪು ಹೆಂಚಿನ ಮಾಡುಗಳು ಒಂದರ ಹೆಗಲಿನ ಮೇಲೊಂದು ಇಳಿಯುತ್ತ ಹೋಗಿ, ಕೊನೆಯಲ್ಲಿ ನದಿ ಕಾಣುತ್ತದೆ. ದೂರದಲ್ಲಿ ಕ್ಲೇರಿಗುಸ್ ಗೋಪುರ. 1763ರಲ್ಲಿ ಮುಗಿದದ್ದು, ಎತ್ತರ ಸುಮಾರು 75 ಮೀಟರ್, 200ಕ್ಕೂ ಹೆಚ್ಚು ಮೆಟ್ಟಿಲು. ಅದನ್ನು ಕುಳಿತಲ್ಲಿಂದಲೇ ನೋಡಿ ಮುಗಿಸಿದೆವು.

ಇಳಿಯುವ ದಾರಿ ಬಾರೆದು ಎಂಬ ಹಳೆಯ ಕೇರಿಯದು. ಹಾದಿ ಎನ್ನುವುದಕ್ಕಿಂತ ಮೆಟ್ಟಿಲುಗಳ ಸರಣಿ ಎನ್ನಬೇಕು. ಬೆಳಗಿನ ಜಾವದ ಮಳೆಗೆ ನೆನೆದ ಗ್ರಾನೈಟ್ ಕಲ್ಲು, ಶತಮಾನಗಳ ಕಾಲು ತಿಕ್ಕಿ ನಡುವೆ ತಗ್ಗಾದ ಮೆಟ್ಟಿಲು, ಅದರಲ್ಲಿ ಅಂಗೈಯಷ್ಟು ನೀರು. ನಾನು ಎರಡು ಸಲ ಜಾರಿದೆ. ಮಂಡಿ ನೋವಿನ ಅಕ್ಕ ಒಮ್ಮೆಯೂ ಜಾರಲಿಲ್ಲ. ಅವಳು ಅಡ್ಡಡ್ಡ ಪಾದವಿಟ್ಟು, ಒಂದೊಂದೇ ಮೆಟ್ಟಿಲಿನ ಅಂಚು ಹಿಡಿದು ಇಳಿಯುತ್ತಿದ್ದಳು. ಎದುರುಬದುರು ಮನೆಗಳು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ತಲೆಯ ಮೇಲೆ ಒಣಹಾಕಿದ ಹೊದಿಕೆ, ಕಾಲುಚೀಲ. ಹೊದಿಕೆಯ ತುದಿಯಿಂದ ಹನಿಯೊಂದು ಇಳಿದು ನನ್ನ ಕನ್ನಡಕದ ಮೇಲೆ ಬಿತ್ತು.

ದಾರಿಯುದ್ದಕ್ಕೂ ಬೋರ್ಡುಗಳನ್ನು ಅಕ್ಷರ ಕೂಡಿಸಿ ಓದುವುದು ಅಕ್ಕನ ಹವ್ಯಾಸ. ಬೀಗದವನ ಅಂಗಡಿಯ ಮೇಲೆ 'ಶಾವೆಶ್' ಎಂದಿತ್ತು. ಅದು ನಮ್ಮ ಚಾವಿ. ಊಟದ ಅಂಗಡಿಯ ಹಲಗೆಯಲ್ಲಿ 'ಬಟಾಟ', ಇಗರ್ಜಿಯ ಬಾಗಿಲಲ್ಲಿ 'ಇಗ್ರೇಜ'. ಊಟಕ್ಕೆ ಕುಳಿತಾಗ 'ಮೇಜ' ಎಂದರೆ ಸಾಕಾಯಿತು, ನಮಗೆ ಮೇಜು ಸಿಕ್ಕಿತು. ಒಂದು ವಾಕ್ಯ ಆಡಲು ಬಾರದ ಭಾಷೆಯಲ್ಲಿ ಅರ್ಧ ಮನೆಯ ಸಾಮಾನು ನಮ್ಮದೇ ಎಂದು ಗೊತ್ತಾದಾಗ ಆದ ಖುಷಿಯೇ ಬೇರೆ.

ನದಿದಂಡೆಯ ರಿಬೇರಾ ಚೌಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳದಿ, ಕೆಂಪು, ನೀಲಿ ಮುಖದ ಮನೆಗಳು ನಿಜಕ್ಕೂ ಚಂದ. ಆದರೆ ಹತ್ತು ಹೆಜ್ಜೆಗೊಬ್ಬ ಮೆನು ಹಿಡಿದು ಅಡ್ಡ ಬರುತ್ತಾನೆ. ಸೇತುವೆಯ ಬುಡದ ತನಕ ಹೋಗಿ ಎಲ್ಲರಂತೆ ಫೋಟೊ ತೆಗೆದು, ತಿರುಗಿ ಪಶ್ಚಿಮಕ್ಕೆ, ಮಿರಾಗಾಯಾದ ಕಡೆ ನಡೆದೆವು.

ನನಗೆ ಇಡೀ ಊರಿನಲ್ಲಿ ಹೆಚ್ಚು ಹಿಡಿಸಿದ್ದು ಈ ಮಿರಾಗಾಯಾ. ಕಮಾನುಗಳ ಮೇಲೆ ನಿಂತ ಒಂದು ಸಾಲು ಮನೆಗಳು, ಆದರೆ ಕಮಾನುಗಳು ರಸ್ತೆಗಿಂತ ಕೆಳಗಿವೆ. ಹಿಂದೆ ಅವುಗಳ ಮುಂದೆ ಮರಳ ದಂಡೆಯಿತ್ತು, ದೋಣಿಗಳು ನೇರ ಮನೆಬಾಗಿಲಿಗೆ ಬರುತ್ತಿದ್ದವು. 19ನೇ ಶತಮಾನದಲ್ಲಿ ಬಂದರಿಗೆ ಹೊಸ ಸುಂಕದ ಕಟ್ಟೆ ಬೇಕೆಂದು ಆ ದಂಡೆಗೆ ಮಣ್ಣು ತುಂಬಿಸಿ ಭಾರೀ ಕಟ್ಟಡ ಎಬ್ಬಿಸಿದರು. ನದಿ ನೋಡುತ್ತಿದ್ದ ಮನೆಗಳು ಅಂದಿನಿಂದ ಸುಂಕದ ಕಟ್ಟೆಯ ಗೋಡೆ ನೋಡುತ್ತಿವೆ. ಹಾಗೆಂದು ನದಿ ಈ ಮನೆಗಳನ್ನು ಮರೆತಿಲ್ಲ. ನೆರೆ ಎಲ್ಲಿಯವರೆಗೆ ಏರಿತ್ತು ಎಂದು ಗೋಡೆಯ ಮೇಲೆ ಗುರುತು ಹಾಕಿಟ್ಟಿದ್ದಾರೆ. 1909ರ ಡಿಸೆಂಬರಿನದು ಈ ಊರಿನವರು ಇಂದಿಗೂ ಹೇಳುವ ದೊಡ್ಡ ನೆರೆ. ಗುರುತಿನ ಕೆಳಗೆ ಬೆನ್ನು ತಾಗಿಸಿ ನಿಂತೆ. ಅಕ್ಕ ನನ್ನ ತಲೆಯ ಮೇಲೆ ಕೈಯಿಟ್ಟು ಅಳೆದು, "ನೀನು ಮುಳುಗಿದೆ" ಎಂದಳು.

ಮತ್ತೆ ಅದೇ ದಂಡೆಯಲ್ಲಿ ಸೇತುವೆಯ ಕಡೆ ಬರುವಾಗ ಅಕ್ಕ ಹಿಂದುಳಿದಳು. ತಿರುಗಿ ನೋಡಿದರೆ ಗೋಡೆಯೊಂದರ ಮುಂದೆ ನಿಂತಿದ್ದಾಳೆ. ಬೆಳಿಗ್ಗೆ ಹಾದುಹೋದ ಗೋಡೆಯೇ, ನಾನು ಕಂಡಿರಲಿಲ್ಲ. ಅದರಲ್ಲೊಂದು ಕಂಚಿನ ಉಬ್ಬುಚಿತ್ರ, ಕೆಳಗೆ ಉರಿಯುವ ಮೇಣದ ದೀಪಗಳು, ಒಂದೆರಡು ಹೂವು. ಚಿತ್ರದಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ನೀರಿಗೆ ಉರುಳುತ್ತಿದ್ದಾರೆ.

1806ರಲ್ಲಿ ಇಲ್ಲಿ ದೋಣಿಗಳನ್ನು ಸಾಲಾಗಿ ಬಿಗಿದು ಮೇಲೆ ಹಲಗೆ ಹಾಸಿದ ಸೇತುವೆ ಕಟ್ಟಿದ್ದರು. 1809ರ ಮಾರ್ಚ್ 29ರಂದು ಮಾರ್ಷಲ್ ಸುಲ್ಟ್‌ನ ಫ್ರೆಂಚ್ ಸೇನೆ ಊರೊಳಗೆ ನುಗ್ಗಿದಾಗ, ಜನರೆಲ್ಲ ಆಚೆ ದಡಕ್ಕೆಂದು ಒಮ್ಮೆಲೇ ಅದರ ಮೇಲೆ ಓಡಿದರು. ಸೇತುವೆ ತಾಳಲಿಲ್ಲ. ಹಿಂದಿನವರಿಗೆ ಮುಂದೆ ಸೇತುವೆ ಇಲ್ಲವೆಂದು ಕಾಣಲಿಲ್ಲ, ತಳ್ಳುತ್ತಲೇ ಬಂದರು. ಸತ್ತವರು ಸಾವಿರಾರು ಎನ್ನುತ್ತಾರೆ. ಈ ಗೋಡೆಗೆ 'ಸೇತುವೆಯ ಆತ್ಮಗಳು' ಎಂದೇ ಹೆಸರು.

ನಮ್ಮ ಪಕ್ಕದಲ್ಲಿ ಐಸ್‌ಕ್ರೀಂ ಹಿಡಿದವರು ಸಾಗುತ್ತಿದ್ದರು. ಸೇತುವೆಯ ಮೇಲಿನಿಂದ ನದಿಗೆ ಹಾರಲು ಸಿದ್ಧರಾದ ಹುಡುಗರು ಕಾಸಿಗಾಗಿ ಕೂಗುತ್ತಿದ್ದರು. ಗಾಳಿಗೆ ಒಂದು ದೀಪ ನಂದಿತ್ತು. ಅಕ್ಕ ಅದನ್ನೆತ್ತಿ, ಪಕ್ಕದ ದೀಪಕ್ಕೆ ಬತ್ತಿ ತಾಗಿಸಿ, ಹೊತ್ತಿದ ಮೇಲೆ ಇದ್ದಲ್ಲಿಯೇ ಇಟ್ಟಳು. ಬೆರಳಿಗಂಟಿದ ಮೇಣವನ್ನು ಸೇತುವೆ ದಾಟಿ ಮುಗಿಯುವ ತನಕ ಉಗುರಿನಿಂದ ಕೆರೆಯುತ್ತಿದ್ದಳು.

ನಾವು ದಾಟಿದ ಸೇತುವೆ ಲೂಯಿಸ್ ದೊರೆಯ ಹೆಸರಿನದು, 1886ರದ್ದು. 172 ಮೀಟರ್ ಅಗಲದ ಒಂದೇ ಕಬ್ಬಿಣದ ಕಮಾನು, ಅದಕ್ಕೆ ಎರಡು ಅಂತಸ್ತು. ಇದನ್ನು ಪ್ಯಾರಿಸ್ ಗೋಪುರದ ಐಫೆಲ್ ಕಟ್ಟಿದನೆಂದು ಪಕ್ಕದಲ್ಲಿದ್ದವನೊಬ್ಬ ಹೆಂಡತಿಗೆ ವಿವರಿಸುತ್ತಿದ್ದ. ಕಟ್ಟಿದವನು ಐಫೆಲ್‌ನ ಹಳೆಯ ಪಾಲುದಾರ ಸೇಯ್‌ರಿಗ್. ಐಫೆಲ್‌ನದು ನದಿಯ ಇನ್ನೂ ಮೇಲ್ಗಡೆಗಿರುವ 1877ರ ಮರಿಯಾ ಪಿಯಾ ರೈಲು ಸೇತುವೆ. ಗಂಡ ಹೆಂಡಿರ ನಡುವೆ ಬಾಯಿ ಹಾಕಲು ಮನಸ್ಸಾಗಲಿಲ್ಲ.

ಆಚೆ ದಡ ಪೋರ್ಟೊ ಅಲ್ಲವೇ ಅಲ್ಲ, ವಿಲಾ ನೋವಾ ದೆ ಗಾಯಾ ಎಂಬ ಬೇರೆ ನಗರ. ಲೋಕಕ್ಕೆಲ್ಲ ಪೋರ್ಟ್ ವೈನ್ ಎಂದು ಹೆಸರಾದ ಪಾನೀಯದ ದ್ರಾಕ್ಷಿ ಬೆಳೆಯುವುದು ನದಿಯ ಮೇಲ್ಗಡೆಯ ಕಣಿವೆಯಲ್ಲಿ, ಪೀಪಾಯಿಗಳಲ್ಲಿ ಮಾಗುತ್ತ ಬಂದದ್ದು ಗಾಯಾದ ಈ ಉಗ್ರಾಣಗಳಲ್ಲಿ. ಹೆಸರು ಮಾತ್ರ ಎದುರು ದಡಕ್ಕೆ ಹೋಯಿತು. ಪೀಪಾಯಿ ಹೊತ್ತು ತರುತ್ತಿದ್ದ ರಬೇಲು ಎಂಬ ಚಪ್ಪಟೆ ತಳದ ದೋಣಿಗಳು ಈಗ ಖಾಲಿ ಪೀಪಾಯಿ ಹೇರಿಕೊಂಡು ಅಲಂಕಾರಕ್ಕೆ ನಿಂತಿವೆ.

ಹಿಂತಿರುಗಲು ಮತ್ತೆ ಏರಬೇಕು. ಕೇಬಲ್ ಕಾರ್ ಇತ್ತು. ಇಷ್ಟು ನಡೆದವಳಿಗೆ ಅದೊಂದು ಅವಮಾನ ಎಂದು ಅಕ್ಕ ಒಪ್ಪಲಿಲ್ಲ. ಏಳು ಕಡೆ ನಿಂತು, ಮೊರು ಉದ್ಯಾನದ ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತಾಗ ಸೂರ್ಯ ಮುಳುಗುತ್ತಿದ್ದ. ಕತ್ತಲಾದ ಮೇಲೆ ಪಕ್ಕದಲ್ಲೇ ಇದ್ದ ನಿಲ್ದಾಣದಲ್ಲಿ ಮೆಟ್ರೊ ಹತ್ತಿದೆವು. ಅದು ಸೇತುವೆಯ ಮೇಲಂತಸ್ತಿನಲ್ಲಿ ಮೆಲ್ಲಗೆ ಸಾಗಿತು. ಕೆಳಗೆ ನದಿಯಲ್ಲಿ ದೀಪಗಳ ನೆರಳು, ಮರುಕ್ಷಣ ಸುರಂಗ, ಬಾಗಿಲು ತೆರೆಯಿತು. ಸಾಂವ್ ಬೆಂತು ಎಂದು ಬರೆದಿತ್ತು.

ಅಕ್ಕ ಎದ್ದು ನಿಂತು ನನ್ನನ್ನೇ ನೋಡಿದಳು. "ಒಂದೇ ಸ್ಟಾಪಾ?"