ಅಡಿಬರಹವನ್ನು ಮೊದಲು ಓದಿ ಹೇಳಬೇಕಾದದ್ದು ಯಾರಿಗೆ?

2009ರ ಬೇಸಿಗೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಒಂದು ಪೋಡಿನಿಂದ (ಅವರ ಸಣ್ಣ ಊರಿಗೆ ಪೋಡು ಎನ್ನುತ್ತಾರೆ) ಬೆಳಿಗ್ಗೆ ಹೊರಟು ಎರಡು ಗಂಟೆ ನಡೆದ ಮೇಲೆ ಆ ಮರ ಸಿಕ್ಕಿತು. ನನ್ನ ಜೊತೆಗಿದ್ದ ಸೋಲಿಗರ ಅಜ್ಜ ಹಸಿ ಸೊಪ್ಪಿನ ಕಟ್ಟಿಗೆ ಕಿಡಿ ತಾಗಿಸಿ, ಊದಿ, ಹೊಗೆಯನ್ನು ಮರದ ಪೊಟರೆಯ ಬಾಯಿಗೆ ಹಿಡಿದರು. ತುಡುವೆ ಜೇನು. ಬಲಗೈಯನ್ನು ಭುಜದವರೆಗೂ ಒಳಗೆ ಇಳಿಸಿ, ಕಣ್ಣು ಮುಚ್ಚಿಕೊಂಡು, ಬೆರಳ ತುದಿಯಲ್ಲೇ ಹುಡುಕುತ್ತಾ ನಿಂತಿದ್ದರು. ಮೊಣಕೈಯ ಮೇಲೆ ಏಳೆಂಟು ಹುಳುಗಳು ಹರಿದಾಡುತ್ತಿದ್ದವು. ಹೊಗೆಯನ್ನು ಸೀಳಿಕೊಂಡು ಬಂದ ಬಿಸಿಲುಕೋಲೊಂದು ಅವರ ಕೆನ್ನೆಯ ಮೇಲೆ ಬಿದ್ದಿತ್ತು. ಆಗ ಕ್ಲಿಕ್ಕಿಸಿದೆ. ಹೊರಗೆ ತೆಗೆದ ಎರಿಯಲ್ಲಿ ಮರಿಯಿದ್ದ ಭಾಗವನ್ನು ಅವರು ಮುರಿದು ಮತ್ತೆ ಪೊಟರೆಯೊಳಗೇ ಇಟ್ಟರು. ಅದರ ಚಿತ್ರ ನನ್ನ ಬಳಿ ಇಲ್ಲ. ಆ ಹೊತ್ತಿಗೆ ನಾನು ಕ್ಯಾಮೆರಾದ ಪರದೆಯಲ್ಲಿ ಮೊದಲಿನ ಚಿತ್ರವನ್ನು ನೋಡುತ್ತಾ ನಿಂತುಬಿಟ್ಟಿದ್ದೆ.

ಚಿತ್ರ ಒಂದು ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಅರ್ಧ ಪುಟದಷ್ಟು ದೊಡ್ಡದಾಗಿ ಬಂತು. ಅಡಿಬರಹವನ್ನು ನಾನೇ ಬರೆದಿದ್ದೆ. ಅಜ್ಜನ ಪೂರ್ತಿ ಹೆಸರು, ಪೋಡಿನ ಹೆಸರು, ತಿಂಗಳು, ‘ಕಾಡಿನಲ್ಲಿ ಹೊಗೆ ಹಾಕಿ ಜೇನು ತೆಗೆಯುತ್ತಿರುವುದು’ ಎಂಬ ವಿವರ. ಒಂದಕ್ಷರವೂ ಸುಳ್ಳಲ್ಲ. ಮೂರು ವಾರದ ನಂತರ ಪುರವಣಿಯ ಐದು ಪ್ರತಿಗಳನ್ನು ಚೀಲದಲ್ಲಿಟ್ಟುಕೊಂಡು ಸಂತೋಷದಿಂದಲೇ ಬೆಟ್ಟ ಹತ್ತಿದೆ.

ಅಜ್ಜ ಮನೆಯಲ್ಲಿರಲಿಲ್ಲ. ಅಜ್ಜಿ ಇದ್ದರು. ನೀರು ಕೊಟ್ಟರು, ಕೂರಲು ಚಾಪೆ ಹಾಸಿದರು. ಪತ್ರಿಕೆಯನ್ನು ಮಾತ್ರ ಮುಟ್ಟಲಿಲ್ಲ. “ಅದು ನಮಗಿಂತ ಮೊದಲು ಅವರಿಗೆ ಸಿಕ್ಕಿತು ಸ್ವಾಮಿ” ಎಂದರು. ಅರಣ್ಯ ಇಲಾಖೆಯ ಕಾವಲಿನವರು ಪತ್ರಿಕೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರಂತೆ. ಅಜ್ಜನನ್ನು ಕರೆದೊಯ್ದು ಬೆಳಗಿನಿಂದ ಸಂಜೆಯವರೆಗೂ ಕೂರಿಸಿ ಪ್ರಶ್ನೆ ಕೇಳಿದರಂತೆ. ಮನೆಯಲ್ಲಿದ್ದ ಜೇನಿನ ಡಬ್ಬ ಮತ್ತು ಹಗ್ಗ ವಾಪಸು ಬರಲಿಲ್ಲ.

ಸಂಜೆ ಅಜ್ಜ ಬಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೀಡಿ ಹಚ್ಚಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದೇ ಮಾತು ಹೇಳಿದರು: “ಬರೆದದ್ದನ್ನು ನನಗೆ ಮೊದಲು ಓದಿ ಹೇಳಿದ್ದರೆ, ಊರಿನ ಹೆಸರು ಬೇಡ ಎನ್ನುತ್ತಿದ್ದೆ.”

ಬುಡಕಟ್ಟು ಸಮುದಾಯಗಳ ಬದುಕನ್ನು ಚಿತ್ರ ಮತ್ತು ಬರಹದಲ್ಲಿ ದಾಖಲಿಸುವ ಈ ವೃತ್ತಿಯಲ್ಲಿ ನನಗೆ ಸಿಕ್ಕ ಪಾಠಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹೆಸರು ಹಾಕಿದ್ದು ನಿರ್ಲಕ್ಷ್ಯದಿಂದಲ್ಲ, ಗೌರವದಿಂದ. ನನಗೆ ಕೆಲಸ ಕಲಿಸಿದ ಹಿರಿಯರು ‘ಗಿರಿಜನ ವೃದ್ಧ’, ‘ಕಾಡಿನ ಮಹಿಳೆ’ ಎಂದು ಬರೆದುಕೊಂಡು ಹೋದರೆ ಹಾಳೆಯನ್ನು ಹಿಂದಕ್ಕೆ ತಳ್ಳುತ್ತಿದ್ದರು. “ಮಂತ್ರಿಯ ಚಿತ್ರಕ್ಕೆ ‘ನಾಡಿನ ವೃದ್ಧ’ ಎಂದು ಬರೆಯುತ್ತೀಯಾ?” ಎಂದು ಕೇಳುತ್ತಿದ್ದರು. ಅವರ ಕೋಪಕ್ಕೆ ಚರಿತ್ರೆಯ ಕಾರಣವಿತ್ತು. ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿ ಅವರ ನೆರವಿನೊಂದಿಗೆ 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟಗಳನ್ನು ಹೊರತಂದರು. ಸೋಲಿಗರೂ ಅದರಲ್ಲಿದ್ದಾರೆ. ಆ ಕಾಲದ ಇಂಥ ದಾಖಲೆಗಳಲ್ಲಿ ಮನುಷ್ಯನ ಮೂಗಿನ ಅಗಲ, ತಲೆಯ ಸುತ್ತಳತೆಗೆಲ್ಲ ಅಂಕಿ ಇದೆ. ಚಿತ್ರದಲ್ಲಿ ನಿಂತವನ ಹೆಸರು ಮಾತ್ರ ಸಾಮಾನ್ಯವಾಗಿ ಇಲ್ಲ. ನೂರು ವರ್ಷ ಹೆಸರಿಲ್ಲದೆ ನಿಂತವರಿಗೆ ನಾವಾದರೂ ಹೆಸರು ಕೊಡಬೇಕು ಎಂಬ ಹಠ ನನ್ನಲ್ಲಿತ್ತು. ಆ ಹಠ ಈಗಲೂ ಇದೆ, ಅದನ್ನು ಬಿಡುವವನಲ್ಲ. ಆದರೆ ಹೆಸರು ಕೊಡುವುದೋ ಬಿಡುವುದೋ ಎಂಬ ತೀರ್ಮಾನ ನನ್ನದು ಎಂದುಕೊಂಡಿದ್ದೆನಲ್ಲ, ತಪ್ಪಿದ್ದು ಅಲ್ಲಿ.

ಒಂದು ಅಡಿಬರಹ ಹೇಗೆ ಆರೋಪಪಟ್ಟಿಯಾಗುತ್ತದೆ ಎಂಬುದು ತಿಳಿಯಬೇಕಾದರೆ ಆ ಕಾಡಿನ ಕಾನೂನು ಗೊತ್ತಿರಬೇಕು. 1972ರ ವನ್ಯಜೀವಿ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೇಟೆ ನಿಂತಿತು, ಕಾಡಿನೊಳಗೆ ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯ ನಿಂತಿತು, ಒಳಗಿನ ಪೋಡುಗಳು ಕಾಡಿನ ಅಂಚಿಗೆ, ರಸ್ತೆಯ ಬದಿಗೆ ಬಂದವು. ಉಳಿದ ಆಸರೆಯೆಂದರೆ ಜೇನು, ನೆಲ್ಲಿ, ಸೀಗೆ, ಪಾಚಿ. ಬುಡಕಟ್ಟು ಜನರ ಲ್ಯಾಂಪ್ಸ್ ಸಹಕಾರ ಸಂಘ ಅವುಗಳನ್ನು ಕೊಳ್ಳುತ್ತಿತ್ತು. 2002ರ ತಿದ್ದುಪಡಿಯ ನಂತರ ಅಭಯಾರಣ್ಯದೊಳಗಿನ ಕಿರು ಉತ್ಪನ್ನಗಳನ್ನು ಮಾರಾಟಕ್ಕಾಗಿ ತರುವುದಕ್ಕೂ ತಡೆ ಬಿತ್ತು. ಇನ್ನೊಂದು ಕಡೆ 2006ರ ಅರಣ್ಯ ಹಕ್ಕು ಕಾಯ್ದೆ ಇದೇ ಉತ್ಪನ್ನಗಳ ಮೇಲೆ ಇದೇ ಜನರಿಗೆ ಹಕ್ಕಿದೆ ಎನ್ನುತ್ತಿತ್ತು. ಆದರೆ ಹಕ್ಕುಪತ್ರ ಇನ್ನೂ ಕೈಗೆ ಬಂದಿರಲಿಲ್ಲ. ಆ ಎರಡರ ನಡುವಿನ ಇಕ್ಕಟ್ಟಿನಲ್ಲಿ ನಿಂತಿದ್ದ ಮನುಷ್ಯನ ಹೆಸರು, ವಿಳಾಸ, ತಿಂಗಳು, ಕೈಯಲ್ಲಿದ್ದ ಬೆಂಕಿ ಇಷ್ಟನ್ನೂ ನಾನು ಅಚ್ಚು ಹಾಕಿಸಿ ರಾಜ್ಯಕ್ಕೆಲ್ಲ ಹಂಚಿದ್ದೆ. ಲೇಖನದಲ್ಲಿ ಈ ಕಾನೂನಿನ ಬಗ್ಗೆ ಎರಡು ಪ್ಯಾರಾ ಬರೆದವನೂ ನಾನೇ. ಬರೆದದ್ದನ್ನು ಚಿತ್ರದ ಪಕ್ಕದಲ್ಲಿಟ್ಟು ಓದಿಕೊಂಡಿರಲಿಲ್ಲ.

ಅಂದಿನಿಂದ ನನ್ನ ಕೆಲಸದ ಕ್ರಮ ಬದಲಾಯಿತು. ಚಿತ್ರ ತೆಗೆದ ಮೇಲೆ ಇನ್ನೊಮ್ಮೆ ಹೋಗುತ್ತೇನೆ, ಚಿತ್ರಗಳನ್ನು ಹಾಳೆಯ ಅಳತೆಯಲ್ಲಿ ಅಚ್ಚು ಹಾಕಿಸಿಕೊಂಡು. ಅಡಿಬರಹ ಹೇಗೆ ಅಚ್ಚಾಗುತ್ತದೆಯೋ ಹಾಗೆಯೇ ಗಟ್ಟಿಯಾಗಿ ಓದುತ್ತೇನೆ. ‘ನಿಮ್ಮ ಬಗ್ಗೆ ಒಳ್ಳೆಯದನ್ನೇ ಬರೆದಿದ್ದೇನೆ’ ಎಂದು ಸಾರಾಂಶ ಹೇಳುವುದಿಲ್ಲ. ಇದಕ್ಕೆ ಸಮಯ ಹಿಡಿಯುತ್ತದೆ. ಎರಡು ಸಲ ಬಸ್ಸಿನ ಖರ್ಚು ಕೊಡಲು ಯಾವ ಸಂಪಾದಕರೂ ಸುಲಭವಾಗಿ ಒಪ್ಪುವುದಿಲ್ಲ. ಆದರೂ ಈ ಎರಡನೆಯ ಪ್ರಯಾಣದಲ್ಲಿ ಕಲಿತಷ್ಟನ್ನು ಮೊದಲನೆಯದರಲ್ಲಿ ನಾನು ಎಂದೂ ಕಲಿತಿಲ್ಲ.

ಮೊದಲ ಸಲ ಹಾಗೆ ಓದಿದಾಗ ನಡೆದದ್ದನ್ನು ಹೇಳುತ್ತೇನೆ. ಪೋಡಿನ ಜಗಲಿಯ ಮೇಲೆ ಹತ್ತು ಚಿತ್ರ ಹರಡಿದ್ದೆ. ಕಾಲುದಾರಿಯ ಪಕ್ಕ, ಮರದ ಬುಡದಲ್ಲಿದ್ದ ಒಂದು ಕಲ್ಲಿನ ಚಿತ್ರಕ್ಕೆ ‘ಸೋಲಿಗರ ದೇವರ ಕಲ್ಲು’ ಎಂದು ಬರೆದಿದ್ದೆ. ಓದುತ್ತಿದ್ದಂತೆಯೇ ಯಜಮಾನರು ತಲೆಯಾಡಿಸಿದರು. “ಇದು ದೇವರಲ್ಲ, ವೀರು.” ವ್ಯತ್ಯಾಸ ಕೇಳಿದೆ. ಅವರು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದರು. ಇದು ಒಂದು ಕುಲದ ಎಲ್ಲೆ. ಎಲ್ಲೆಯೊಳಗೆ ದೇವರು ಇರುತ್ತದೆ, ಮಾರಮ್ಮ ಇರುತ್ತಾಳೆ, ವೀರು ಇರುತ್ತದೆ, ಸತ್ತವರ ಕಲ್ಲುಗುಡಿ ಇರುತ್ತದೆ, ನೀರಿನ ಅಬ್ಬಿ ಇರುತ್ತದೆ. ಒಂದೊಂದಕ್ಕೂ ಒಂದೊಂದು ಜಾಗ, ಒಂದೊಂದು ನಡಾವಳಿ. ಗೆರೆಯ ಆಚೆಗೆ ಇನ್ನೊಂದು ಕುಲ, ಇನ್ನೊಂದು ಎಲ್ಲೆ. ನನ್ನ ಕಣ್ಣಿಗೆ ಒಂದೇ ಹಸಿರಾಗಿ ಕಂಡಿದ್ದ ಬೆಟ್ಟ ಆ ಹತ್ತು ನಿಮಿಷದಲ್ಲಿ ಮನೆಗಳಿರುವ ಬೀದಿಯ ಹಾಗೆ ಬಿಡಿಬಿಡಿಯಾಗಿ ತೆರೆದುಕೊಂಡಿತು. ಮೂರು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದೆ. ದೊಡ್ಡಸಂಪಿಗೆ ಮರದ ಚಿತ್ರವನ್ನಂತೂ ಎಷ್ಟು ಸಲ ತೆಗೆದಿದ್ದೆನೋ ಲೆಕ್ಕವಿಲ್ಲ. ಪ್ರವಾಸಿಗರು ನೋಡುವ ಆ ಒಂದು ಮರವನ್ನು ನಾನೂ ನೋಡಿದ್ದೆ, ಅಷ್ಟೆ.

ಅವತ್ತೇ ಇನ್ನೊಂದು ವಿಷಯ ತಿಳಿಯಿತು. ನಾವು ಪಟ್ಟಣದವರು ಚಿತ್ರದಲ್ಲಿ ಮೊದಲು ಮುಖ ನೋಡುತ್ತೇವೆ. ಅಲ್ಲಿನ ಹಿರಿಯರು ಮುಖದ ಹಿಂದಿನ ಗಿಡ ನೋಡುತ್ತಾರೆ. ಒಬ್ಬ ಹೆಣ್ಣುಮಗಳು ಸೌದೆ ಹೊತ್ತು ಬರುವ ಚಿತ್ರವಿತ್ತು. ಹಿನ್ನೆಲೆಯಲ್ಲಿ ಮಸುಕಾಗಿ ಹಳದಿ, ಗುಲಾಬಿ ಹೂಗಳು. ಆ ಬಣ್ಣಕ್ಕಾಗಿಯೇ ನಾನು ಆ ಜಾಗ ಆರಿಸಿದ್ದೆ. ಅಜ್ಜಿಯೊಬ್ಬರು ಹಾಳೆಯನ್ನು ಕಣ್ಣ ಹತ್ತಿರ ಹಿಡಿದು, ಆ ಹೆಣ್ಣುಮಗಳನ್ನು ಬಿಟ್ಟು, ಹೂವಿನ ಮೇಲೆ ಬೆರಳಿಟ್ಟರು. ಲಂಟಾನ. “ಇಲ್ಲಿ ನಾವು ಗೆಣಸು ಅಗೆಯುತ್ತಿದ್ದೆವು. ಈಗ ನಾಯಿಯೂ ನುಗ್ಗುವುದಿಲ್ಲ” ಎಂದರು. ನೆಲ್ಲಿ ಕೊಂಬೆಯ ಚಿತ್ರಕ್ಕೆ ನಾನು ‘ಹಸಿರಿನಿಂದ ತುಂಬಿದ ನೆಲ್ಲಿ’ ಎಂದು ಬರೆದಿದ್ದೆ. ಅದರ ದಟ್ಟ ಹಸಿರು ನೆಲ್ಲಿಯದಲ್ಲ, ಅದರ ಮೇಲೆ ಬೆಳೆದ ಬಂದಳಿಕೆಯದು. ಅವರು ಅದಕ್ಕೆ ಉಪ್ಪಿಲು ಎನ್ನುತ್ತಾರೆ. ಮರ ಸಾಯುತ್ತಿತ್ತು, ನಾನು ಸೊಬಗು ಎಂದು ಬರೆದಿದ್ದೆ.

ಮಾತು ಅಲ್ಲಿಂದ ತರಗು ಬೆಂಕಿಗೆ ಹೋಯಿತು. ಹಿಂದೆ ವರ್ಷದ ಆರಂಭದಲ್ಲಿ, ಎಲೆ ಉದುರಿ ಹುಲ್ಲು ಇನ್ನೂ ಪೂರ್ತಿ ಒಣಗದಿರುವಾಗ, ನೆಲದ ತರಗಿಗೆ ಮಾತ್ರ ಸಣ್ಣ ಬೆಂಕಿ ಇಡುತ್ತಿದ್ದರು. ಅದು ಮೊಣಕಾಲೆತ್ತರಕ್ಕೂ ಏಳದೆ ಹರಿದು ಹೋಗುತ್ತಿತ್ತು. ಲಂಟಾನದ ಸಸಿಯೂ, ಉಪ್ಪಿಲಿನ ಎಳೆ ಚಿಗುರೂ ಅದರಲ್ಲಿ ಸುಡುತ್ತಿದ್ದವು ಎನ್ನುತ್ತಾರೆ ಅವರು. ಬೆಂಕಿ ನಿಷೇಧವಾಯಿತು, ಲಂಟಾನ ಎದೆಮಟ್ಟ ಬೆಳೆಯಿತು, ಈಗ ಬೆಂಕಿ ಬಿದ್ದರೆ ಮರದ ತಲೆಗೇ ಹತ್ತುತ್ತದೆ. ಇದನ್ನು ಕೇಳಿದ ಮೇಲೆ ನನ್ನ ಆ ಜೇನಿನ ಚಿತ್ರದ ‘ಹೊಗೆ’ ಎಂಬ ಪದಕ್ಕೆ ಎಷ್ಟು ಭಾರವಿದೆ ಎಂಬುದು ಅರ್ಥವಾಯಿತು. ಓದುಗರಿಗೆ ಅದು ಚೆಂದದ ಬೆಳಕು. ಕಾವಲಿನವರಿಗೆ ಅಪರಾಧ. ಸೋಲಿಗರಿಗೆ ಕಾಡನ್ನು ನೋಡಿಕೊಳ್ಳುವ ಕ್ರಮ. ನಾನು ಮೂರೂ ಮಂದಿಗೆ ಒಂದೇ ಪದ ಕೊಟ್ಟು ಕೈ ತೊಳೆದುಕೊಂಡಿದ್ದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರು ಲೆನ್ಸ್ ಯಾವುದು, ಬೆಳಕು ಹೇಗೆ ಎಂದು ಕೇಳುತ್ತಾರೆ. ಅದನ್ನೂ ಹೇಳುತ್ತೇನೆ. ಆದರೆ ಮೊದಲು ಕ್ಯಾಮೆರಾದಲ್ಲಿ, ಮೊಬೈಲಿನಲ್ಲಿ ಸ್ಥಳದ ಗುರುತು ದಾಖಲಾಗುವುದನ್ನು ನಿಲ್ಲಿಸಿ ಎನ್ನುತ್ತೇನೆ. ಕಲ್ಲುಗುಡಿಯ ದಾರಿ ನಿಮ್ಮ ಚಿತ್ರದಿಂದ ಯಾರಿಗೂ ಸಿಗಬಾರದು. ಯಜಮಾನರ ಒಪ್ಪಿಗೆ ಪೋಡಿಗೆ ಕಾಲಿಡಲು ಸಾಕು, ಒಬ್ಬ ಹೆಣ್ಣುಮಗಳ ಮುಖ ತೆಗೆಯಲು ಅವಳ ಒಪ್ಪಿಗೆಯೇ ಬೇಕು. ಸೋಲಿಗರ ರೊಟ್ಟಿಹಬ್ಬದ ರಾತ್ರಿ ‘ಗೊರುಕೋ ಗೊರುಕನ’ ಎಂದು ಹಾಡು ಏರಿ ಕುಣಿತ ಸುತ್ತು ಹಾಕತೊಡಗಿದಾಗ ಫ್ಲ್ಯಾಶ್ ಹೊಡೆದರೆ ಸುತ್ತು ಒಡೆಯುತ್ತದೆ. ನಾನು ಒಂದು ಹಬ್ಬವನ್ನು ಹಾಗೆ ಕೆಡಿಸಿದ್ದೇನೆ. ಮುಂದಿನ ವರ್ಷ ಕ್ಯಾಮೆರಾವನ್ನು ಕೆಳಗಿನ ಕೋಣೆಯಲ್ಲೇ ಬಿಟ್ಟು ಹೋದೆ. ಪತ್ರಿಕೆ ಕೊಡುವ ಗೌರವಧನದಲ್ಲಿ ಪಾಲು ಕೊಡುವುದನ್ನು ದಾನ ಎಂದು ಭಾವಿಸಬೇಡಿ. ಆ ದಿನದ ಕೆಲಸದಲ್ಲಿ ಇಬ್ಬರು ದುಡಿದಿರುತ್ತಾರೆ.

ಒಂದೂವರೆ ವರ್ಷದ ನಂತರ ಅದೇ ಪೋಡಿನ ಓದಿದ ಹುಡುಗರು ನನ್ನನ್ನು ಹುಡುಕಿಕೊಂಡು ಬಂದರು. ಅರಣ್ಯ ಹಕ್ಕಿನ ಅರ್ಜಿಗೆ ಗ್ರಾಮಸಭೆ ಕಡತ ಸಿದ್ಧಪಡಿಸುತ್ತಿತ್ತು. 2008ರ ನಿಯಮಗಳ ಪ್ರಕಾರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಸಮಾಧಿಯ ಜಾಗ, ಪೂಜೆಯ ಜಾಗ, ರೂಢಿಯ ದಾಖಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅವರಿಗೆ ನನ್ನ ಹಳೆಯ ಚಿತ್ರಗಳು ದಿನಾಂಕದ ಸಮೇತ ಬೇಕಿದ್ದವು. ವೀರುವಿನ ಕಲ್ಲು, ಅಬ್ಬಿ, ಗೆಣಸಿನ ಜಾಗ. ಜೇನಿನ ಚಿತ್ರವನ್ನೂ ಕೇಳಿದರು. ನಾನು ಹಿಂಜರಿದೆ. “ಅಜ್ಜನೇ ಹೇಳಿ ಕಳಿಸಿದ್ದು” ಎಂದರು. ತನ್ನ ಮೇಲೆ ಆರೋಪವಾಗಿ ಬಂದ ಚಿತ್ರ ಯಾವಾಗ, ಯಾರ ಮುಂದೆ ಸಾಕ್ಷಿಯಾಗಿ ನಿಲ್ಲಬೇಕು ಎಂಬುದನ್ನು ಅವರು ನಿರ್ಧರಿಸಿದ್ದರು. ಎಲ್ಲವನ್ನೂ ಕೊಟ್ಟೆ.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಪೋಡುಗಳಲ್ಲಿ ಮತ್ತೆ ಆತಂಕ. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೀಗೆ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು. ನನ್ನ ಚಿತ್ರಗಳಿಂದ ಅದು ಸಿಕ್ಕಿತೆಂದು ನಾನು ಹೇಳುವುದಿಲ್ಲ. ಅದು ಅವರು ವರ್ಷಗಟ್ಟಲೆ ನಡೆದು, ಸಭೆ ಸೇರಿ, ಅರ್ಜಿ ಬರೆದು ಗಳಿಸಿದ್ದು.

ಮುಂದಿನ ಬೇಸಿಗೆಯಲ್ಲಿ ಪೋಡಿನ ಅಂಗಳದಲ್ಲೇ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪುಗಳಿಂದ ಚಿತ್ರಗಳನ್ನು ತೂಗುಹಾಕಿದೆವು. ಅಜ್ಜ, ಅಜ್ಜಿ ಇಬ್ಬರೂ ಬಂದರು. ಜೇನಿನ ಚಿತ್ರದ ಕೆಳಗೆ ಅಡಿಬರಹದ ಜಾಗವನ್ನು ಖಾಲಿ ಬಿಟ್ಟಿದ್ದೆ. (ಇಲ್ಲಿಯೂ ಅವರ ಹೆಸರು ಬರೆದಿಲ್ಲ. ಈ ಬರಹಕ್ಕೆ ಒಪ್ಪಿಗೆ ಕೇಳಲು ಅವರು ಈಗ ಇಲ್ಲ.) “ಈಗ ಬರೆಯಬಹುದು” ಎಂದರು. ಹೆಸರು ಹೇಳಿದರು, ಪೋಡಿನ ಹೆಸರು ಹೇಳಿದರು, ಕುಲದ ಹೆಸರನ್ನೂ ಸೇರಿಸಿದರು. ಬರೆದು, ಗಟ್ಟಿಯಾಗಿ ಓದಿದೆ. ಕೊನೆಯಲ್ಲಿ ಹಳೆಯ ಅಭ್ಯಾಸದಂತೆ ‘ಕಾಡಿನಲ್ಲಿ ಜೇನು ತೆಗೆಯುತ್ತಿರುವುದು’ ಎಂದಿತ್ತು.

ಅಜ್ಜ ಕೈ ಎತ್ತಿ ತಡೆದರು. “‘ಕಾಡಿನಲ್ಲಿ’ ಬೇಡ. ‘ನಮ್ಮ ಎಲ್ಲೆಯಲ್ಲಿ’ ಎಂದು ಹಾಕಿ.”

ಹೊಡೆದು ಹಾಕಿ, ಮೇಲೆ ಬರೆದೆ. ಇನ್ನೊಂದು ಸಲ ಓದಿಸಿಕೊಂಡು ಅವರು ಮುಂದಿನ ಚಿತ್ರಕ್ಕೆ ಹೋದರು.