ಮಾತು ಕೇಳುವುದು

‘ಅವಳು ಅಪ್ಪನ ಮಾತು ಕೇಳುತ್ತಾಳೆ’ ಎಂದು ನಾವು ಹೇಳುವಾಗ, ಅಪ್ಪನ ದನಿ ಅವಳ ಕಿವಿಗೆ ಬೀಳುತ್ತದೆ ಎಂಬುದಷ್ಟೇ ಅದರ ಅರ್ಥವಲ್ಲ, ಹೇಳಿದಂತೆ ನಡೆಯುತ್ತಾಳೆ ಎಂದೂ ಅರ್ಥ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿಯೂ ‘ಶಮಾ’ ಎಂಬ ಒಂದೇ ಕ್ರಿಯಾಪದ ಈ ಎರಡು ಅರ್ಥಗಳನ್ನೂ ಹೊತ್ತಿದೆ ಎಂದು ತಿಳಿದ ಮೇಲೆ, ವಿಧೇಯತೆ ಎಂಬ ಪದ ನನಗೆ ಮನೆಯ ಮಾತಿನಷ್ಟು ಹತ್ತಿರವಾಯಿತು.

ಸಮುವೇಲನ ಮೊದಲನೆಯ ಪುಸ್ತಕದ 15ನೆಯ ಅಧ್ಯಾಯವನ್ನು ನಾನು ಅಳುಕಿನಿಂದಲೇ ಓದುತ್ತೇನೆ. ಶತ್ರುಗಳಾದ ಅಮಾಲೇಕ್ಯರನ್ನು ಅವರ ದನಕುರಿಗಳ ಸಮೇತ ಪೂರ್ತಿ ನಾಶಮಾಡಬೇಕೆಂಬ ಕರ್ತನ ಆಜ್ಞೆಯನ್ನು ನೆರವೇರಿಸಿದ್ದೇನೆ ಎಂದು ಅರಸನಾದ ಸೌಲನು ಹೇಳಿಕೊಳ್ಳುತ್ತಿರುವಾಗಲೇ, ಉಳಿಸಿಕೊಂಡ ಕುರಿಗಳ ಕೂಗು ಪ್ರವಾದಿ ಸಮುವೇಲನ ಕಿವಿಗೆ ಬೀಳುತ್ತದೆ. ಸೌಲನು ಆಜ್ಞೆಯನ್ನು ಧಿಕ್ಕರಿಸಿರಲಿಲ್ಲ. ಬಹುಪಾಲು ನೆರವೇರಿಸಿ, ಚೆನ್ನಾಗಿದ್ದುದನ್ನು ಮಾತ್ರ ಉಳಿಸಿಕೊಂಡು, ಅದಕ್ಕೆ ಯಜ್ಞ ಎಂಬ ಭಕ್ತಿಯ ಹೆಸರು ಕೊಟ್ಟಿದ್ದನು.

ನನ್ನ ಅಪ್ಪ ಹಾಸಿಗೆ ಹಿಡಿದ ಕೊನೆಯ ವರ್ಷ ನಾನೂ ಹಾಗೆಯೇ ನಡೆದುಕೊಂಡೆ. ಬೆನ್ನಿನಲ್ಲಿ ಹುಣ್ಣಾಗದಂತೆ ರಾತ್ರಿಯಿಡೀ ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಬೇಕಾಗಿತ್ತು. ಸಭೆಯಲ್ಲಿ ಸತ್ಯವೇದದ ಪಾಠ ನಡೆಸುವ ಹೊಣೆ ನನ್ನದಾಗಿದ್ದರಿಂದ, ಅದರ ಸಿದ್ಧತೆಗೆ ನಿದ್ದೆ ಬೇಕೆಂದು ಹೇಳಿ, ರಾತ್ರಿಗಳನ್ನು ತಂಗಿಗೆ ಬಿಟ್ಟುಬಿಟ್ಟೆ. ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು, ಎಂದು ಹೇಳಿ ಜಾರಿಕೊಳ್ಳುವವರನ್ನು ಯೇಸು ಗದರಿಸುವ ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯವೇ ಆ ವಾರದ ಪಾಠವಾಗಿತ್ತು. ಅದನ್ನು ಬೋಧಿಸುವ ಬಾಯಿ ನನಗೆ ಉಳಿಯಲಿಲ್ಲ.

ರಾತ್ರಿಗಳನ್ನು ನಾನು ವಹಿಸಿಕೊಂಡ ಮೇಲೂ ಸ್ವಾರ್ಥ ಹೋಗಲಿಲ್ಲ, ಲೆಕ್ಕದ ರೂಪದಲ್ಲಿ ಬಂದು ಕೂತಿತು. ತಂಗಿ ಎಷ್ಟು ಸಲ ಎದ್ದಿದ್ದಳು, ನಾನು ಎಷ್ಟು ಸಲ ಎದ್ದೆ, ಬೆಳಿಗ್ಗೆ ಯಾರಾದರೂ ಒಂದು ಒಳ್ಳೆಯ ಮಾತಾಡಿದರೇ ಎಂದು ಮನಸ್ಸು ಎಣಿಸುತ್ತಲೇ ಇತ್ತು. ಆದರೆ ಯೇಸು, ಅಪ್ಪಣೆಯಾದದ್ದೆಲ್ಲವನ್ನೂ ಮಾಡಿದ ಮೇಲೂ ‘ಮಾಡಬೇಕಾದುದನ್ನೇ ಮಾಡಿದ್ದೇವೆ’ ಎಂದಷ್ಟೇ ಹೇಳಿರಿ ಎನ್ನುತ್ತಾನೆ (ಲೂಕ 17:10). ಶಿಷ್ಯರ ಪಾದಗಳನ್ನು ತೊಳೆದ ರಾತ್ರಿ, ತನ್ನನ್ನು ಹಿಡಿದುಕೊಡಲಿದ್ದ ಯೂದನೂ ಅಲ್ಲಿಯೇ ಇದ್ದನು. ಎಲ್ಲವನ್ನೂ ಬಲ್ಲವನಾಗಿದ್ದರೂ ಕರ್ತನು ಅವನೊಬ್ಬನನ್ನು ಬಿಟ್ಟು ಮುಂದೆ ಹೋಗಲಿಲ್ಲ.

ವಿಧೇಯತೆ ಎಂದರೆ ಯಾರು ಏನು ಹೇಳಿದರೂ ತಲೆಬಾಗುವುದೆಂದು ನಾನು ನಂಬುವುದಿಲ್ಲ. ಮನುಷ್ಯರಿಗಿಂತ ದೇವರ ಮಾತನ್ನೇ ಕೇಳಬೇಕೆಂದು ಅಧಿಕಾರಿಗಳ ಮುಂದೆ ಪೇತ್ರನು ಹೇಳಿದ್ದು ಇದಕ್ಕೆ ಸಾಕ್ಷಿ. ಹಾಗೆಯೇ, ಸ್ವಂತ ಇಚ್ಛೆಯೇ ಇಲ್ಲದಂತೆ ನಟಿಸುವುದೂ ವಿಧೇಯತೆಯಲ್ಲ. ಗೆತ್ಸೇಮನೆ ಎಂಬ ಹೆಸರಿಗೆ ಎಣ್ಣೆಯ ಗಾಣ ಎಂದರ್ಥ. ಹಿಡಿಯಲ್ಪಡುವುದಕ್ಕೆ ಮುಂಚೆ ಆ ತೋಟದಲ್ಲಿ ಯೇಸು ಈ ಪಾತ್ರೆ, ಅಂದರೆ ಮುಂದೆ ಕಾದಿದ್ದ ಬಾಧೆ, ತನ್ನನ್ನು ಬಿಟ್ಟುಹೋಗಲಿ ಎಂದು ಬಾಯಿಬಿಟ್ಟು ಬೇಡಿದನು, ಮೂರು ಸಲ ಪ್ರಾರ್ಥಿಸಿದನು, ಆಮೇಲೆ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಂಡು ಎದ್ದು ನಡೆದನು. ಮಗನಾಗಿದ್ದರೂ ಅವನು ಬಾಧೆಗಳ ಮೂಲಕ ವಿಧೇಯತೆಯನ್ನು ಕಲಿತನೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ಅವನೇ ಕಲಿಯಬೇಕಾಗಿದ್ದುದನ್ನು ನಾನು ಒಂದು ವರ್ಷದಲ್ಲಿ ಕಲಿತುಬಿಡಬೇಕೆಂದು ಹಟ ಹಿಡಿದಿದ್ದೆ.

ಕುಷ್ಠರೋಗಿಗಳ ಸೇವೆಗೆಂದು 1873ರಲ್ಲಿ ಹವಾಯಿಯ ಮೊಲೊಕಾಯಿ ದ್ವೀಪಕ್ಕೆ ಹೋದ ಫಾದರ್ ಡೇಮಿಯನ್ನರ ತ್ಯಾಗವನ್ನು ನಾವು ಒಂದು ದೊಡ್ಡ ತೀರ್ಮಾನವೆಂಬಂತೆ ನೆನೆಯುತ್ತೇವೆ. ನನ್ನನ್ನು ತಟ್ಟುವುದು ಅದರ ಮುಂದಿನ ಕಾಲ: ಹುಣ್ಣುಗಳಿಗೆ ಪಟ್ಟಿ ಕಟ್ಟುತ್ತಾ, ಶವಪೆಟ್ಟಿಗೆಗಳನ್ನು ಮಾಡುತ್ತಾ, ಅದೇ ರೋಗದಿಂದ 1889ರಲ್ಲಿ ತೀರಿಕೊಳ್ಳುವವರೆಗೆ ಅವರು ಅಲ್ಲಿ ಎದ್ದ ಒಂದೊಂದು ಬೆಳಗು.

ಅಪ್ಪ ತೀರಿಕೊಳ್ಳುವುದಕ್ಕೆ ಕೆಲವು ದಿನಗಳ ಮುಂಚೆ, ನಡುರಾತ್ರಿ, ಅವರ ಸೊಂಟದ ಕೆಳಗೆ ಕೈಯಿಟ್ಟು ಮಗ್ಗುಲು ತಿರುಗಿಸುತ್ತಿದ್ದೆ. ಅವರು ಅರೆಗಣ್ಣು ತೆರೆದು, ತಂಗಿಯ ಹೆಸರು ಹಿಡಿದು ಕರೆದು, ‘ನೀರು ಕೊಡಮ್ಮಾ’ ಎಂದರು. ನಾನು ಆ ಹೆಸರಿಗೇ ಓಗೊಟ್ಟು, ಚಮಚದಲ್ಲಿ ಸ್ವಲ್ಪಸ್ವಲ್ಪವೇ ನೀರು ಕುಡಿಸಿದೆ.